ಪಂಜರದ ಜಗಳವೂ ನಮ್ಮ ಹೊಣೆಯೂ

ನಮ್ಮ ಶಾಲೆಯ ಮುಂಭಾಗದ ಪಡಸಾಲೆಯಲ್ಲಿ ಒಂದು ಪಂಜರವನ್ನು ಇರಿಸಿ, ಅದರಲ್ಲಿ ಫಿಂಚ್ ಎಂಬ ಚಿಕ್ಕ ಹಕ್ಕಿಗಳನ್ನು ಸಾಕುವುದಕ್ಕಾಗಿ ಹಳೆಯ ವಿದ್ಯಾರ್ಥಿನಿಯರ ಪರವಾಗಿ ಕಾಣಿಕೆ ಕೊಡಬೇಕೆಂದು ನಮ್ಮವರಲ್ಲಿ ಕೆಲವರು ಸೂಚಿಸಿರುವರು. ಈ ಮಾತನ್ನು ಕೇಳಿದಾಗ ನನಗೆ ಸಂತೋಷವೂ ಅಳುಕೂ ಒಟ್ಟಿಗೇ ಉಂಟಾದವು. ಸಂತೋಷದ ಕಾರಣವನ್ನು ವಿವರಿಸಬೇಕಾದುದಿಲ್ಲ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ಹೋಗುವ ಮಕ್ಕಳ ಕಿವಿಗೆ ಹಕ್ಕಿಗಳ ಚಿಲಿಪಿಲಿ ಬೀಳುವುದು ಯಾರಿಗೆ ಬೇಡ? ಅಳುಕಿನ ಕಾರಣವನ್ನು ಮಾತ್ರ ಈ ಸಂಚಿಕೆಯ ವಾಚಕರ ಮುಂದೆ ಇಡಲು ಅಪ್ಪಣೆ ಬೇಡುತ್ತೇನೆ. ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆಂದು ಇಂಥ ಹಕ್ಕಿಗಳನ್ನು ಕೊಂಡು ತರುವ ತಂದೆತಾಯಂದಿರೂ ಇದನ್ನು ಓದುವರೆಂದು ನಂಬಿರುವೆನು.

ಫಿಂಚ್ ಹಕ್ಕಿಗಳು ಸಾಧುಗಳೆಂದು ಲೋಕದ ಎಣಿಕೆ. ಅಂಗಡಿಯಲ್ಲಿ ಅವು ಇಪ್ಪತ್ತು ಮೂವತ್ತು ಒಂದೇ ಪಂಜರದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕುಳಿತಿರುವುದನ್ನು ನೋಡಿದವರಿಗೆ ಹಾಗೆ ತೋರುವುದು ಸಹಜವೇ. ಆದರೆ ಆ ನೆಮ್ಮದಿಯು ನೆಮ್ಮದಿಯಲ್ಲ. ಹೊಸ ಸ್ಥಳದ ಭಯವೂ ತನ್ನದೆಂದು ಹೇಳಿಕೊಳ್ಳಲು ಒಂದು ಮೂಲೆಯೂ ಇಲ್ಲದ ದಿಕ್ಕುಗೆಟ್ಟ ಸ್ಥಿತಿಯೂ ಸೇರಿ ಅವುಗಳನ್ನು ಸುಮ್ಮನಿರಿಸಿರುವುವು. ಅವುಗಳಲ್ಲಿ ನಾಲ್ಕನ್ನು ಮನೆಗೆ ತಂದು, ಕಾಳು ನೀರು ಕೊಟ್ಟು, ಒಂದು ತಿಂಗಳು ಕಳೆಯಲಿ: ಒಂದು ಹಕ್ಕಿಯ ಹೆಕ್ಕತ್ತು ಬೋಳಾಗಿರುವುದು, ಮತ್ತೊಂದು ಪಂಜರದ ನೆಲದ ಮೂಲೆಯಲ್ಲಿ ಮುದುಡಿಕೊಂಡಿರುವುದು, ಮೂರನೆಯದು ಎಲ್ಲಕ್ಕೂ ಮೇಲಿನ ಅಡ್ಡಕಡ್ಡಿಯ ಮೇಲೆ ರಾಜನಂತೆ ಕುಳಿತಿರುವುದು ಕಣ್ಣಿಗೆ ಬೀಳುತ್ತದೆ. ಆಗ ಮನೆಯವರು ಎರಡು ಮಾತುಗಳಲ್ಲಿ ಒಂದನ್ನು ಆಡುವರು. ರೋಗ ತಗಲಿದೆ ಎನ್ನುವರು. ಇಲ್ಲವೆ ಆ ಹಕ್ಕಿ ದುಷ್ಟಜಾತಿಯದು ಎನ್ನುವರು. ಬಹುಮಟ್ಟಿಗೆ ಈ ಎರಡೂ ಸರಿಯಲ್ಲವೆಂದೂ, ತಪ್ಪು ನಾವು ಮಾಡಿದ ಏರ್ಪಾಟಿನಲ್ಲಿಯೇ ಇರುವುದೆಂದೂ ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಪುಸ್ತಕದಿಂದ ಬಂದವಳಲ್ಲ. ನಾಲ್ಕು ಜೀಬ್ರಾ ಫಿಂಚುಗಳನ್ನು, ಎರಡು ಗಂಡು ಎರಡು ಹೆಣ್ಣು, ಒಂದೂವರೆ ಅಡಿ ಅಗಲದ ಗುಂಡಾದ ಪಂಜರದಲ್ಲಿಟ್ಟು ಸಾಕತೊಡಗಿದೆನು. ಪಂಜರವು ನೋಟಕ್ಕೆ ಬಹು ಚೆಂದವಾಗಿದ್ದಿತು. ಒಂದೇ ಒಂದು ಮಣ್ಣಿನ ಕುಡಿಕೆಯನ್ನು ಗೂಡಿಗಾಗಿ ಕಟ್ಟಿದ್ದೆನು. ಐದನೆಯ ವಾರದಲ್ಲಿ ಒಂದು ಹೆಣ್ಣಿನ ತಲೆಯ ಹಿಂಭಾಗದ ಪುಕ್ಕವೆಲ್ಲ ಹೋಗಿ ಕೆಂಪು ಚರ್ಮ ಕಾಣಿಸಿತು. ಅರಸಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದೆನು. ಅದು ಮೊದಲನೆಯ ತಪ್ಪು. ಎಣ್ಣೆಯು ಗರಿಗಳಿಗೆ ಅಂಟಿಕೊಂಡರೆ ಅವು ಮೈಯನ್ನು ಬೆಚ್ಚಗಿಡಲಾರವು. ಬಳಿಕ ಆ ಹೆಣ್ಣನ್ನು ಹತ್ತು ದಿನ ಬೇರೆ ಇರಿಸಿ, ಗಾಯ ಮಾಗಿದೊಡನೆ ಅದೇ ಪಂಜರಕ್ಕೆ, ಅದೇ ಮೂವರ ನಡುವೆ ತಿರುಗಿ ಬಿಟ್ಟೆನು; ಅದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮರುದಿನ ಬೆಳಿಗ್ಗೆ ಅದು ಪಂಜರದ ತಳದಲ್ಲಿ ಸತ್ತು ಬಿದ್ದಿದ್ದಿತು. ಜೀಬ್ರಾ ಫಿಂಚಿನ ತೂಕ ಸುಮಾರು ಹನ್ನೆರಡು ಗ್ರಾಂ. ಅದರ ಮೈಯಲ್ಲಿರುವ ರಕ್ತವೆಲ್ಲ ಸೇರಿ ಒಂದು ಮಿಲಿಲೀಟರಿಗಿಂತ ತುಸುವೇ ಹೆಚ್ಚು. ಹೊಸದಾಗಿ ಮೂಡುತ್ತಿರುವ ಗರಿಯ ಕೊಳವೆಯಲ್ಲಿ ರಕ್ತವಿರುವುದರಿಂದ ಅಂಥ ಗರಿಯನ್ನು ಕಿತ್ತರೆ ರಕ್ತ ಸುರಿಯುವುದು. ಕೆಲವು ಹನಿಗಳು ಹೋದರೂ ಅಷ್ಟು ಚಿಕ್ಕ ಪ್ರಾಣಿಗೆ ಅಪಾಯವೆಂಬುದನ್ನು ನಾನು ತಡವಾಗಿ ತಿಳಿದುಕೊಂಡೆನು.

ಕಿತ್ತಾಡುತ್ತಿದ್ದ ಗಂಡಿಗೆ ನೆರೆಮನೆಯ ಮಕ್ಕಳು ಸೌಲನೆಂದು ಹೆಸರಿಟ್ಟರು. ದಾವೀದನ ಮೇಲೆ ಈಟಿಯೆಸೆದ ಅರಸನ ಹೆಸರು! ಹೆಸರು ಚೆನ್ನಾಗಿಯೇ ಹೊಂದಿತು; ನಾನೂ ನಕ್ಕೆನು. ಆದರೆ ಅದೇ ಸೌಲನನ್ನು ಮುಂದೆ ಮೂರು ಅಡಿ ಉದ್ದದ ಪಂಜರದಲ್ಲಿ ಒಂದೇ ಹೆಣ್ಣಿನೊಡನೆ ಇರಿಸಿದಾಗ ಅವನು ಒಂದು ಗರಿಯನ್ನೂ ಕೀಳಲಿಲ್ಲ. ತನ್ನ ಸರದಿಯಲ್ಲಿ ಮೊಟ್ಟೆಗಳ ಮೇಲೆ ಕುಳಿತನು, ಮರಿಗಳ ಬಾಯಿಗೆ ಗುಟುಕು ಕೊಟ್ಟನು. ಹಕ್ಕಿ ಅದೇ, ಸ್ವಭಾವವೂ ಅದೇ; ಬದಲಾದುದು ಪಂಜರವೊಂದೇ. ಹೆಸರು ಮಾತ್ರ ಪಾಪ, ಅವನಿಗೆ ಕಡೆಯ ತನಕ ಅಂಟಿಕೊಂಡೇ ಉಳಿಯಿತು.

ಇದರ ಕಾರಣವನ್ನು ತಿಳಿಯಬೇಕಾದರೆ ಈ ಹಕ್ಕಿಯ ಮೂಲ ನಾಡನ್ನು ನೆನೆಯಬೇಕು. ಜೀಬ್ರಾ ಫಿಂಚು ಆಸ್ಟ್ರೇಲಿಯ ಖಂಡದ ಒಣ ಒಳನಾಡಿನದು. ಅಲ್ಲಿ ಅವು ಹಿಂಡಾಗಿ ಹುಲ್ಲಿನ ಬೀಜವನ್ನು ಅರಸುತ್ತ, ನೀರಿದ್ದ ಕಡೆಗೆ ಹಾರಿಹೋಗುತ್ತ ಬಾಳುವುವು. ಗಂಡುಹೆಣ್ಣುಗಳು ಒಮ್ಮೆ ಜೊತೆಗೂಡಿದರೆ ಸಾಮಾನ್ಯವಾಗಿ ಜೀವಾವಧಿ ಅಗಲುವುದಿಲ್ಲ. ಹಿಂಡಿನಲ್ಲಿಯೂ ಜಗಳವುಂಟು, ಗೂಡಿನ ಹತ್ತಿರ ಬಂದವನನ್ನು ಓಡಿಸುವುದು ಅಲ್ಲಿಯೂ ಉಂಟು. ಆದರೆ ಓಡಿಸಲ್ಪಟ್ಟ ಹಕ್ಕಿಗೆ ಅಲ್ಲಿ ಓಡಿಹೋಗುವುದಕ್ಕೆ ಸ್ಥಳವಿರುತ್ತದೆ. ಹತ್ತು ಮಾರು ಆಚೆ ಹಾರಿದರೆ ವ್ಯಾಜ್ಯ ತೀರಿತು. ಪಂಜರದಲ್ಲಿ ಸೋತ ಹಕ್ಕಿಯು ಎಷ್ಟು ಸಲ ಓಡಿದರೂ ಗೆದ್ದವನ ಕಣ್ಣೆದುರಿಗೇ ಬಂದು ನಿಲ್ಲಬೇಕು. ಗೆದ್ದವನಾದರೋ, ಇವನು ಇನ್ನೂ ನನ್ನ ಗಡಿಯೊಳಗೇ ಇರುವನೆಂದು ಪುನಃ ಮೇಲೆ ಬೀಳುವನು. ಹೀಗೆ ಕ್ಷಣಮಾತ್ರದ ಜಗಳವು ದಿನವಿಡೀ ನಡೆಯುವ ಹಿಂಸೆಯಾಗುವುದು. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಒಂದು ಮೇಲುಕೀಳಿನ ಕ್ರಮವಿರುವುದೆಂದು ನಾರ್ವೆ ದೇಶದ ಷೆಲ್ಡರುಪ್ ಎಬ್ಬೆ ಎಂಬ ವಿದ್ವಾಂಸರು ೧೯೨೧ರಲ್ಲಿಯೇ ತೋರಿಸಿಕೊಟ್ಟರು. ನಮ್ಮ ಹಿತ್ತಿಲಿನ ಕೋಳಿಗಳನ್ನು ನೋಡಿದ ಯಾವ ಅಜ್ಜಿಗೂ ಇದು ಹೊಸತಲ್ಲ. ಆದರೆ ಹಿತ್ತಿಲಿನ ಕೋಳಿಗೆ ಬೇಲಿಯ ಕೆಳಗೆ ನುಸುಳುವ ದಾರಿಯಿದೆ.

ಇನ್ನು ಬೋಳನ್ನು ಓದುವ ಬಗೆ. ಇದನ್ನು ತುಸು ವಿಸ್ತಾರವಾಗಿ ಹೇಳುವೆನು, ಏಕೆಂದರೆ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುವುವು. ಗಿಣಿಗಳು ಬೇಸರದಿಂದಲೂ ಕಳವಳದಿಂದಲೂ ತಮ್ಮ ಪುಕ್ಕವನ್ನು ತಾವೇ ಕಿತ್ತುಕೊಳ್ಳುವುದುಂಟು. ಫಿಂಚುಗಳಲ್ಲಿ ಅದು ಅಪರೂಪ. ಯಾವ ಹಕ್ಕಿಯ ಕೊಕ್ಕೂ ತನ್ನ ತಲೆಗೂ ಹೆಕ್ಕತ್ತಿಗೂ ಮುಟ್ಟಲಾರದು. ಆದುದರಿಂದ ಅಲ್ಲಿ ಬೋಳು ಕಂಡರೆ ಕೈವಾಡ ಜೊತೆಗಾರನದು ಎಂದು ಮೊದಲು ಶಂಕಿಸಬೇಕು. ಬಾಲದ ಬುಡದ ಗರಿಗಳು ಹೋಗಿದ್ದರೆ ಅದೂ ಬೆನ್ನಟ್ಟುವವನ ಗುರುತೇ. ಓಡುವ ಹಕ್ಕಿಯ ಹಿಂಭಾಗವೇ ತಾನೇ ಅವನ ಕೊಕ್ಕಿಗೆ ಸಿಕ್ಕುವುದು. ವರ್ಷಕ್ಕೊಮ್ಮೆ ಹಳೆಯ ಗರಿಗಳು ಉದುರಿ ಹೊಸವು ಮೂಡುವುದು ಬೇರೆ ವಿಷಯ. ಆಗ ಎರಡು ಪಕ್ಕಗಳಲ್ಲಿಯೂ ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಉದುರುವುದಲ್ಲದೆ ಚರ್ಮ ಕಾಣುವಷ್ಟು ಬೋಳಾಗುವುದಿಲ್ಲ. ನುಸಿಯ ಕಾಟವೂ ಒಂದುಂಟು. ಕೆಂಪು ನುಸಿಗಳು ಹಗಲೆಲ್ಲ ಪಂಜರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುವುವು. ರಾತ್ರಿ ಪಂಜರಕ್ಕೆ ಬಿಳಿಯ ಬಟ್ಟೆ ಹೊದಿಸಿ, ಬೆಳಕು ಹರಿಯುವ ಮುನ್ನ ಅದರ ಒಳಮೈಯನ್ನು ನೋಡಿದರೆ ಕೆಂಪು ಚುಕ್ಕೆಗಳು ಹರಿದಾಡುವುದು ತಿಳಿದುಹೋಗುವುದು. ಇಷ್ಟನ್ನೂ ನೋಡಿದ ಮೇಲೆಯೂ ಸಂದೇಹವಿದ್ದರೆ ಬಾಗಿಲ ಮರೆಯಲ್ಲಿ ಅರ್ಧ ಗಂಟೆ ಅಲುಗಾಡದೆ ಕುಳಿತಿರಿ. ನಾವು ಹತ್ತಿರ ನಿಂತಾಗ ಹಕ್ಕಿಗಳು ನಮ್ಮನ್ನು ನೋಡುತ್ತವೆ, ಒಂದನ್ನೊಂದು ಕೀಳುವುದಿಲ್ಲ. ಗುರುಗಳು ತರಗತಿಗೆ ಬಂದಾಗ ನಾವೂ ಹಾಗೆಯೇ ಇದ್ದೆವಷ್ಟೆ.

ಕೀಳುವುದಕ್ಕೆ ಕಾರಣ ಒಂದೇ ಅಲ್ಲ. ಇಕ್ಕಟ್ಟು ಮೊದಲನೆಯದು. ಜೋಡಿ ಸರಿಯಿಲ್ಲದಿರುವುದು ಎರಡನೆಯದು: ಎರಡು ಗಂಡಿಗೆ ಒಂದು ಹೆಣ್ಣು, ಅಥವಾ ಎರಡು ಜೋಡಿಗೆ ಒಂದೇ ಗೂಡು, ಇವು ಜಗಳಕ್ಕೆ ನಾವೇ ಕೊಟ್ಟ ಆಹ್ವಾನ. ಒಂದು ಜೋಡಿಯನ್ನೇ ಇಡುವುದು, ಇಲ್ಲವೆ ವಿಶಾಲವಾದ ಪಂಜರದಲ್ಲಿ ಮೂರಕ್ಕೆ ಕಡಮೆಯಿಲ್ಲದ ಜೋಡಿಗಳನ್ನು ಇಡುವುದು ಮೇಲೆಂದು ಅನುಭವಸ್ಥರು ಹೇಳುವರು. ಎರಡೇ ಜೋಡಿಗಳಿದ್ದರೆ ಬಲವಾದ ಜೋಡಿಯ ಕೋಪವೆಲ್ಲ ಇನ್ನೊಂದರ ಮೇಲೆಯೇ ಬೀಳುವುದು. ಮೂರನೆಯ ಕಾರಣವನ್ನು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಗೂಡಿಗೆ ಹಾಸಲು ಮೆತ್ತನೆಯ ವಸ್ತುವಿಲ್ಲದಿದ್ದರೆ ಗಂಡು ತನ್ನ ಹೆಂಡತಿಯ ಗರಿಗಳನ್ನೇ ಕಿತ್ತು ಹಾಸುವುದು! ಇಲ್ಲಿ ಕೋಪವಿಲ್ಲ, ಗೃಹಕೃತ್ಯದ ಉತ್ಸಾಹವಷ್ಟೆ. ಒಣಹುಲ್ಲು, ಕುಯ್ದು ಚಿಕ್ಕದು ಮಾಡಿದ ತೆಂಗಿನ ನಾರು, ಕೆಲವು ಬಿಳಿಯ ಕೋಳಿಗರಿಗಳು, ಇವನ್ನು ಕೊಟ್ಟೊಡನೆ ಬಹಳ ಸಲ ಈ ಚಾಳಿ ನಿಲ್ಲುವುದು. ಉದ್ದನೆಯ ದಾರವನ್ನು ಮಾತ್ರ ಕೊಡಬಾರದು. ಕಾಲಿಗೆ ಸುತ್ತಿಕೊಂಡು ಬೆರಳನ್ನೇ ಕತ್ತರಿಸುವುದು.

ಆಹಾರದ ಕೊರತೆಯೂ ಇದಕ್ಕೆ ಸೇರುವುದು. ಗರಿಯು ಸಸಾರಜನಕದಿಂದಲೇ ಆದುದು. ನವಣೆಯನ್ನು ಮಾತ್ರ ಹಾಕಿ ಕೈತೊಳೆದುಕೊಂಡರೆ ಹಕ್ಕಿಯು ಆ ಸಾರವನ್ನು ಜೊತೆಗಾರನ ಮೈಯಲ್ಲಿ ಹುಡುಕತೊಡಗಿದರೆ ಸೋಜಿಗವಿಲ್ಲ. ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಕೊಡುವುದು, ಸಮುದ್ರನೊರೆಯ ಒಂದು ತುಂಡನ್ನು ಪಂಜರಕ್ಕೆ ಸಿಕ್ಕಿಸುವುದು, ಎಳೆಯ ಸೊಪ್ಪು, ಮೊಳಕೆ ಬಂದ ಕಾಳು, ಸ್ನಾನಕ್ಕೆ ಅಗಲವಾದ ತಟ್ಟೆಯಲ್ಲಿ ನೀರು, ಇವು ದುಬಾರಿಯವೇನಲ್ಲ.

ಮರಿಗಳ ವಿಚಾರ ಹೆಚ್ಚು ನೋವಿನದು. ಮೊಟ್ಟೆಯೊಡೆದು ಸುಮಾರು ಹದಿನೆಂಟು ಇಪ್ಪತ್ತು ದಿನಗಳಲ್ಲಿ ಮರಿಗಳು ಗೂಡಿನಿಂದ ಹೊರಬರುವುವು. ತಾವೇ ಕಾಳನ್ನು ಸುಲಿದು ತಿನ್ನಲು ಐದು ವಾರಗಳಾದರೂ ಬೇಕು. ಅಷ್ಟರೊಳಗೆ ತಂದೆತಾಯಿಗಳಿಗೆ ಮತ್ತೆ ಮೊಟ್ಟೆಯಿಡುವ ಆತುರ ಹುಟ್ಟಿದರೆ, ಗೂಡನ್ನು ಬಿಟ್ಟು ತೊಲಗದ ಮರಿಗಳ ಬೆನ್ನಿನ ಪುಕ್ಕವನ್ನು ಕಿತ್ತು ಓಡಿಸುವುವು. ಮರಿಗಳನ್ನು ಕೂಡಲೇ ದೂರ ಮಾಡಿದರೆ ಹಸಿವಿನಿಂದ ಸಾಯುವುವು. ಮಾಡದಿದ್ದರೆ ಮೈ ಬೋಳಾಗುವುದು. ಪಂಜರದ ನಡುವೆ ತಂತಿಯ ಅಡ್ಡವನ್ನು ಹಾಕಿ ಮರಿಗಳನ್ನು ಒಂದು ಪಕ್ಕಕ್ಕೆ ಇರಿಸಿದರೆ ತಂತಿಯ ಸಂದಿನಿಂದಲೇ ಹಿರಿಯ ಹಕ್ಕಿಗಳು ಗುಟುಕು ಕೊಡಬಲ್ಲವು. ಇನ್ನೊಂದು ಸೂಕ್ಷ್ಮವೂ ಇದೆ. ಗಂಡು ಮರಿಯು ತನ್ನ ಹಾಡನ್ನು ನಾಲ್ಕನೆಯ ವಾರದಿಂದ ಮೂರನೆಯ ತಿಂಗಳವರೆಗೆ ತಂದೆಯಿಂದ ಕೇಳಿ ಕಲಿಯುವುದು. ಆದುದರಿಂದ ಅದನ್ನು ಬೇರೆ ಮಾಡಿದರೂ ತಂದೆಯನ್ನೋ ಬೇರೊಂದು ಪ್ರಾಯದ ಗಂಡನ್ನೋ ನೋಡುತ್ತ ಕೇಳುತ್ತ ಇರುವಂತೆ ಇರಿಸಬೇಕು. ಈ ಆತುರಕ್ಕೆ ಮೂಲ ಕಾರಣವೂ ನಾವೇ: ವರ್ಷವಿಡೀ ಗೂಡು ಕಟ್ಟಿಟ್ಟು, ರಾತ್ರಿ ಹತ್ತರವರೆಗೆ ದೀಪದ ಬೆಳಕಿನಲ್ಲಿರಿಸಿ, ಮೊಟ್ಟೆಯ ಮೇಲೆ ಮೊಟ್ಟೆ ಇಡಿಸುತ್ತೇವೆ. ಎರಡು ಮೂರು ಸಂಸಾರಗಳಾದ ಮೇಲೆ ಗೂಡನ್ನು ತೆಗೆದು, ಸಂಜೆಗೇ ಕತ್ತಲೆ ಮಾಡಿ, ಕೆಲವು ತಿಂಗಳು ವಿಶ್ರಾಂತಿ ಕೊಡಬೇಕಾದುದು ನ್ಯಾಯ.

ಜಗಳವು ಹುಟ್ಟಿದ ಮೇಲೆ ಮಾಡತಕ್ಕದ್ದೇನು? ರಕ್ತ ಕಂಡರೆ ಆ ಹಕ್ಕಿಯನ್ನು ತಕ್ಷಣ ಬೇರಿರಿಸಬೇಕು. ಕೆಂಪು ಬಣ್ಣವು ಉಳಿದವುಗಳ ಕೊಕ್ಕನ್ನೂ ಅತ್ತಲೇ ಸೆಳೆಯುವುದು. ರಕ್ತವಿಲ್ಲದಿದ್ದರೆ ಹಿಂಸೆಪಡುವವಳನ್ನಲ್ಲ, ಹಿಂಸಿಸುವವನನ್ನು ತೆಗೆಯಬೇಕು. ಅವನನ್ನು ಎರಡು ವಾರ ಬೇರೆ ಪಂಜರದಲ್ಲಿ, ಆದರೆ ಹಿಂಡಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಇರಿಸಿ, ಅಷ್ಟರಲ್ಲಿ ಅಡ್ಡಕಡ್ಡಿಗಳನ್ನೂ ತಟ್ಟೆಗಳನ್ನೂ ಸ್ಥಳಾಂತರಿಸಿದರೆ ಅವನು ಹಿಂದಿರುಗಿದಾಗ ತನ್ನದೆನ್ನುವ ಮೂಲೆ ಅಲ್ಲಿರುವುದಿಲ್ಲ. ಹಲವರು ಇದಕ್ಕೆ ವಿರುದ್ಧವಾಗಿ ಮಾಡುವರು. ಬಲಹೀನವಾದುದನ್ನು ಎತ್ತಿ ಹೊರಗಿಡುವುದು ದಯೆಯೆಂದು ತೋರುವುದಾದರೂ ಅದು ಮರಳಿ ಬಂದಾಗ ಪರಕೀಯಳಾಗಿ ಬರುವುದು. ನನ್ನ ಪಂಜರದಲ್ಲಿ ಆದುದು ಇದೇ. ಕಿತ್ತ ಗರಿಯು ಬೇರು ಕೆಡದಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುವುದು. ಒಂದೇ ಕಡೆ ಪದೇ ಪದೇ ಕಿತ್ತರೆ ಆ ಬೋಳು ಶಾಶ್ವತವಾಗಬಹುದು. ಹಾಗಾಗಿ ನಾಳೆ ನೋಡೋಣವೆನ್ನುವುದು ತರವಲ್ಲ.

ಕೊಕ್ಕಿನ ತುದಿಯನ್ನು ಕತ್ತರಿಸಿಬಿಡಿರೆಂದು ನನಗೆ ಬುದ್ಧಿ ಹೇಳಿದವರುಂಟು. ಕೊಕ್ಕೇ ಹಕ್ಕಿಗೆ ಕೈಯೂ ಹಲ್ಲೂ ಆಗಿರುವಾಗ ಇದು ಎಂಥ ನ್ಯಾಯ? ಕಾಳನ್ನು ಸುಲಿಯಲಾರದೆ ಹಸಿವಿನಿಂದ ಬಳಲುವ ಹಕ್ಕಿಯನ್ನು ಶಾಂತಸ್ವಭಾವದ್ದೆನ್ನುವುದು ಮಾತಿನ ಮೋಸ. ಆಕಾಶಕ್ಕೆ ಬಿಟ್ಟುಬಿಡಿರೆಂದು ಹೇಳುವವರು ಇನ್ನೂ ಮೆದು ಹೃದಯದವರು. ಆದರೆ ಪಂಜರದಲ್ಲಿಯೇ ಹುಟ್ಟಿ ಬೆಳೆದ ಪರದೇಶದ ಹಕ್ಕಿಯು ನಮ್ಮ ಕಾಗೆ ಬೆಕ್ಕುಗಳ ನಡುವೆ ಬದುಕುವುದು ದುಸ್ತರ.

ಜಾತಿಯ ಆಯ್ಕೆಯನ್ನು ಕುರಿತು ಎರಡು ಮಾತು. ಕೊರಳಿನಲ್ಲಿ ಕೆಂಪು ಪಟ್ಟಿಯುಳ್ಳ ಆಫ್ರಿಕದ ಕಟ್‌ಥ್ರೋಟ್ ಫಿಂಚು, ಗಾತ್ರದಲ್ಲಿ ದೊಡ್ಡದಾದ ಜಾವಾ ಗುಬ್ಬಿ, ಇವನ್ನು ಚಿಕ್ಕ ಹಕ್ಕಿಗಳೊಡನೆ ಸೇರಿಸಬಾರದು. ಜೀಬ್ರಾ ಫಿಂಚು ನಡುವಣದು; ಚಿಕ್ಕದಾದರೂ ಅಧಿಕಾರಪ್ರಿಯ. ಎಲ್ಲಕ್ಕೂ ಶಾಂತವಾದುದು ಬೆಂಗಾಲೀಸ್ ಫಿಂಚು. ಹೆಸರಿನಲ್ಲಿ ಬಂಗಾಳವಿದ್ದರೂ ಅದನ್ನು ಪಳಗಿಸಿದವರು ಜಪಾನಿನವರು. ಅದರ ಮೂಲವು ಬಾಲದ ಬುಡದಲ್ಲಿ ಬೆನ್ನು ಬೆಳ್ಳಗಿರುವ ರಾಟವಾಳ, ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಕಾಣಸಿಗುವ ಹಕ್ಕಿ. ಬೇರೆ ಜಾತಿಯ ಅನಾಥ ಮರಿಗಳನ್ನೂ ತನ್ನವೆಂದು ಸಾಕುವ ಗುಣ ಇದರದು. ಹಾಗೆಂದು ನಮ್ಮ ಗದ್ದೆಗಳ ಕಾಡು ರಾಟವಾಳಗಳನ್ನು ಯಾರಾದರೂ ಮಾರಲು ತಂದರೆ ಕೊಳ್ಳಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ದಯೆಯಿಂದ ಕೊಂಡೆನೆಂದರೂ ಹಿಡಿಯುವವನ ಕೈಗೆ ಹಣ ಸೇರಿಯೇ ಸೇರುವುದು.

ಇದನ್ನೆಲ್ಲ ಓದಿ, ಇದರಿಂದ ಬಾಲಕಿಯರ ಹಾಸ್ಟೆಲಿಗೆ ಒಂದು ನೀತಿಯನ್ನು ತೆಗೆಯಬಹುದಲ್ಲಾ ಎಂದು ಯಾರಾದರೂ ಎಣಿಸಬಹುದು. ನಾನು ಆ ಗೊಡವೆಗೆ ಹೋಗುವುದಿಲ್ಲ. ಹಕ್ಕಿಯ ಮಾತು ಹಕ್ಕಿಗೇ ಇರಲಿ. ಸಂತೆಯಲ್ಲಿ ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳ ಪ್ರಸ್ತಾಪವು ಸುವಾರ್ತೆಯಲ್ಲಿ ಬರುವಾಗ, ಅಂಥ ಅಗ್ಗದ ಜೀವವೂ ಲೆಕ್ಕದೊಳಗೆ ಸೇರಿದೆಯೆಂಬುದೇ ಅಲ್ಲಿಯ ತಾತ್ಪರ್ಯವಲ್ಲವೇ? ಫಿಂಚುಗಳು ಅಗ್ಗವಾಗಿ ಸಿಕ್ಕುವುದೇ ಅವುಗಳ ದುರ್ದೈವ. ನೂರಾರು ರೂಪಾಯಿಗೆ ಒಂದು ಜೋಡಿ ಸಿಕ್ಕುವುದರಿಂದ ಸತ್ತರೆ ಇನ್ನೊಂದು ತಂದರಾಯಿತೆಂದು ಮಕ್ಕಳೆದುರಿಗೆ ಹೇಳುವ ತಂದೆಯನ್ನು ನಾನು ಕಂಡಿದ್ದೇನೆ.

ಹೀಗಿರಲು ಶಾಲೆಯ ಪಂಜರದ ಸೂಚನೆಯನ್ನು ನಾನು ವಿರೋಧಿಸುತ್ತಿರುವೆನೆಂದು ತಿಳಿಯಬಾರದು. ಈಗ ಸೂಚಿಸಿರುವ ರೀತಿಯಲ್ಲಿ ವಿರೋಧಿಸುತ್ತೇನೆ. ಎತ್ತರವಾದ ಗೋಪುರದಾಕಾರದ ಪಂಜರವೂ, ಬಣ್ಣಬಣ್ಣದ ಐದು ಜಾತಿಯ ಹನ್ನೆರಡು ಹಕ್ಕಿಗಳೂ ಎಂದು ಕೇಳಿದ್ದೇನೆ. ಫಿಂಚುಗಳು ಅಡ್ಡವಾಗಿ ಹಾರುವ ಹಕ್ಕಿಗಳು. ಅವಕ್ಕೆ ಬೇಕಾದುದು ಉದ್ದ, ಎತ್ತರವಲ್ಲ. ಒಂದು ಜೋಡಿಗೇ ಎರಡೂವರೆ ಅಡಿ ಉದ್ದ ಬೇಕಾದಾಗ ಹನ್ನೆರಡಕ್ಕೆ ಗೋಪುರ ಸಾಲುವುದೇ? ಆರು ಅಡಿ ಉದ್ದದ, ಎರಡು ತುದಿಗಳಲ್ಲಿಯೂ ಒಂದೇ ಎತ್ತರದಲ್ಲಿ ಅಡ್ಡಕಡ್ಡಿಗಳುಳ್ಳ, ನಡುವೆ ಮರೆಯಾಗಲು ಎಲೆಗೊಂಬೆಗಳುಳ್ಳ ಪಂಜರವಿರಲಿ. ಕಾಳಿನ ತಟ್ಟೆಗಳು ಮೂರಾದರೂ ಇರಲಿ, ಒಂದು ಹಕ್ಕಿಯೇ ಎಲ್ಲವನ್ನೂ ಕಾಯಲಾರದಂತೆ. ಹಕ್ಕಿಗಳು ಬೆಂಗಾಲೀಸ್ ಒಂದೇ ಜಾತಿ, ಆರಕ್ಕೆ ಮೀರದಿರಲಿ, ಗೂಡನ್ನೇ ಇಡದಿರಲಿ. ಮರಿಗಳನ್ನು ಹಂಚುವ ತಾಪತ್ರಯ ಶಾಲೆಗೆ ಬೇಡ. ಪಕ್ಕದಲ್ಲಿ ಒಂದು ಚಿಕ್ಕ ಪಂಜರ ಯಾವಾಗಲೂ ಖಾಲಿಯಾಗಿ ಸಿದ್ಧವಾಗಿರಲಿ. ಖಾಲಿ ಪಂಜರಕ್ಕೆ ಹಣ ಕೊಡಲು ಯಾರಿಗೂ ಮನಸ್ಸು ಬಾರದೆಂದು ಬಲ್ಲೆನು. ಅದನ್ನು ನಾನೇ ಕೊಡುವೆನು.

ಕೊನೆಯದಾಗಿ ರಜೆಯ ಪ್ರಶ್ನೆ. ದಸರೆಗೆ, ಕ್ರಿಸ್ಮಸ್ಸಿಗೆ, ಏಪ್ರಿಲ್ ಮೇ ತಿಂಗಳುಗಳಿಗೆ ಶಾಲೆಯ ಬಾಗಿಲು ಮುಚ್ಚುವುದು. ಇಷ್ಟು ಚಿಕ್ಕ ಹಕ್ಕಿಗೆ ಒಂದೆರಡು ದಿನ ಕಾಳು ತಪ್ಪಿದರೂ ಪ್ರಾಣ ಹೋಗುವುದು. ಕಾವಲುಗಾರನು ನೋಡಿಕೊಳ್ಳುವನೆಂದು ಸಭೆಯಲ್ಲಿ ಯಾರೋ ಹೇಳಿದರಂತೆ. ಕಾವಲುಗಾರನನ್ನು ಕೇಳಿದವರು ಯಾರೂ ಇದ್ದಂತಿಲ್ಲ. ಶಾಲೆಯ ಸಮೀಪದಲ್ಲಿರುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ನಾಲ್ಕು ಮಂದಿ, ಇಂತಿಂಥ ರಜೆಯ ದಿನಗಳಲ್ಲಿ ಬೆಳಿಗ್ಗೆ ಸಂಜೆ ನಾನು ಬರುವೆನೆಂದು ಹೆಸರನ್ನೂ ವಾರವನ್ನೂ ಬರೆದು ಮುಖ್ಯೋಪಾಧ್ಯಾಯಿನಿಯವರಿಗೆ ಕೊಡಲಿ. ಮೇ ತಿಂಗಳ ಮೊದಲ ಎರಡು ವಾರಗಳಿಗೆ ನನ್ನ ಹೆಸರನ್ನು ಈಗಾಗಲೇ ಕೊಟ್ಟಿದ್ದೇನೆ. ಉಳಿದ ಮೂವರ ಹೆಸರುಗಳು ಬರುವ ತನಕ ಪಂಜರವನ್ನು ಮಾಡಿಸಲು ಬಡಗಿಗೆ ಹೇಳಬಾರದೆಂದು ಸಂಘದ ಕಾರ್ಯದರ್ಶಿಯವರಲ್ಲಿ ನನ್ನ ಬಿನ್ನಹ.